ಅಂಗಡಿ ಅಂಕಲ್ಲಿಗೆ ನಾನು ಕೊಟ್ಟ ಡಿಗ್ರಿ

ಯಾವ ಕೋಣೆಗೆ ಬಂದರೂ ಅಂಗಡಿ ಅಂಕಲ್ ತಟ್ಟನೆ ಕೂರುತ್ತಿರಲಿಲ್ಲ. ತಲೆ ಎತ್ತಿ, ಎ.ಸಿ.ಯ ಗಾಳಿ ಬರುವ ಕಿಂಡಿ ಎಲ್ಲಿದೆ ಎಂದು ಹುಡುಕಿ, ಅದರ ಕೆಳಗೆ ಹೋಗಿ ಬಲಗೈ ಎತ್ತಿ ಅಂಗೈ ಅಗಲಿಸಿ ನಿಲ್ಲುತ್ತಿದ್ದರು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಹೊಸಬರು ನೋಡಿದರೆ ಯಾರೋ ಸ್ವಾಮಿಗಳು ಚಾವಣಿಗೆ ಆಶೀರ್ವಾದ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿ, “ಫಿಲ್ಟರ್ ಬದಲಿ ಮಾಡಿಲ್ಲರಿ ಇವ್ರು, ಮೂರ್ನಾಕು ತಿಂಗಳಾಗಿರಬೇಕು” ಎಂದು ತೀರ್ಪು ಕೊಟ್ಟು, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗಲೂ ಹಾಗೇ ಮಾಡಿದರು. ನನಗೆ ಸಿಟ್ಟು ಬಂತು. ಮಾರನೆಯ ದಿನ ಸ್ಟೂಲ್ ಹತ್ತಿ ನೋಡಿದರೆ ಫಿಲ್ಟರ್ ಕಂಬಳಿಯ ಹಾಗೆ ದಪ್ಪಗಾಗಿತ್ತು.

ಪೂರ್ತಿ ಹೆಸರು ಮಲ್ಲಿಕಾರ್ಜುನ ಅಂಗಡಿ, ಊರು ಹುಬ್ಬಳ್ಳಿ. ಹೆಂಡತಿ ನಿರ್ಮಲಾ ಆಂಟಿ ನರ್ಸ್. ಆಂಟಿಗೆ ಡಲ್ಲಾಸಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಬಂದಾಗ ಅವರ ಹಿಂದೆಯೇ ಬಂದವರು ಇವರು. “ನಾ ಆಕಿ ಲಗೇಜಿನ್ಯಾಗ ಬಂದಾಂವರಿ” ಎಂದು ಎಲ್ಲರ ಎದುರಿಗೂ ಹೇಳಿಕೊಂಡು ನಗುತ್ತಿದ್ದರು. ಇಲ್ಲಿಗೆ ಬಂದು ಎ.ಸಿ. ರಿಪೇರಿ ಕಲಿತರು. ಟೆಕ್ಸಸ್ಸಿನ ಬೇಸಿಗೆಯಲ್ಲಿ ಆ ವಿದ್ಯೆ ಬಲ್ಲವನಿಗೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕಡಿಮೆ ಮರ್ಯಾದೆ. ನಾನು ನೋಡುವ ಹೊತ್ತಿಗೆ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಅವರದೇ ಶೆಡ್ಡು, ಮೂರು ವ್ಯಾನು, ಐದು ಜನ ಕೆಲಸಗಾರರು ಇದ್ದರು. ಆದರೂ ಏಣಿ ಹತ್ತುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನಾವಿಬ್ಬರೂ ಒಂದು ಚಾರ್ಟರ್ ಹೈಸ್ಕೂಲಿನ ಆಡಳಿತ ಮಂಡಳಿಯಲ್ಲಿದ್ದೆವು. ಚಾರ್ಟರ್ ಎಂದರೆ ಸರ್ಕಾರದ್ದೇ ಶಾಲೆ, ಆದರೆ ನಡೆಸುವವರು ಊರಿನ ಏಳು ಜನ. ಕೆಲವು ವರ್ಷಕ್ಕೊಮ್ಮೆ ರಾಜ್ಯದ ರಾಜಧಾನಿ ಆಸ್ಟಿನ್ನಿಗೆ ಹೋಗಿ ಪರವಾನಗಿ ನವೀಕರಿಸಿಕೊಂಡು ಬರಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು. ಉಳಿದ ಸದಸ್ಯರ ಹಿನ್ನೆಲೆ ಕೇಳಿದರೆ ಯಾರಿಗಾದರೂ ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು. ಅಧ್ಯಕ್ಷೆ ಡೆನೀಸ್ ವಕೀಲೆ. ಒಬ್ಬರು ಬ್ಯಾಂಕಿನವರು, ಒಬ್ಬರು ಮಕ್ಕಳ ವೈದ್ಯರು, ಒಬ್ಬರು ಕಂಪ್ಯೂಟರ್ ಚಿಪ್ ಕಾರ್ಖಾನೆಯ ಇಂಜಿನಿಯರು, ಇನ್ನೊಬ್ಬರು ಎರಡು ಮಾಸ್ಟರ್ಸ್ ಡಿಗ್ರಿಯ ನಿವೃತ್ತ ಪ್ರಾಂಶುಪಾಲರು. ಮೈಸೂರಿನವಳಾದ ನಾನು ಕಂಪನಿಯೊಂದರಲ್ಲಿ ಕೈಪಿಡಿಗಳನ್ನು ಬರೆಯುವವಳು, ಮಂಡಳಿಯ ಕಾರ್ಯದರ್ಶಿ. ಇವರೆಲ್ಲರ ನಡುವೆ ಅಂಗಡಿ ಅಂಕಲ್.

ಅವರು ಮಂಡಳಿಗೆ ಬಂದದ್ದೂ ಏಣಿಯ ಮೇಲಿಂದಲೇ. ಗಣಿತದ ತರಗತಿಯಲ್ಲಿ ಎ.ಸಿ. ಕೆಟ್ಟಿತ್ತು. ಇವರು ಮೇಲೆ ಕೆಲಸ ಮಾಡುತ್ತಿದ್ದಾಗ ಕೆಳಗೆ ಒಬ್ಬಳು ಹುಡುಗಿ ಕೋನ, ತ್ರಿಕೋನ ಎಂದು ಒದ್ದಾಡುತ್ತಾ ಅಳುವ ಹಂತಕ್ಕೆ ಬಂದಿದ್ದಳಂತೆ. ಇವರು ಇಳಿದು ಬಂದು ತಮ್ಮ ಏಣಿಯನ್ನೇ ಗೋಡೆಗೆ ಒರಗಿಸಿ, “ನೋಡು, ಇದನ್ನು ಎಷ್ಟು ಓರೆ ಇಟ್ಟರೆ ನಾನು ಬೀಳುತ್ತೇನೆ?” ಎಂದು ಕೇಳಿ ಅರ್ಧ ಗಂಟೆ ಪಾಠ ಮಾಡಿದರು. ಡೆನೀಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಂದಿನ ತಿಂಗಳೇ ಮಂಡಳಿಗೆ ಕರೆದರು.

ಬಂದ ದಿನವೇ ಅಂಕಲ್ ಶಾಲೆಯ ರಿಪೇರಿ ಕೆಲಸ ಬಿಟ್ಟರು. ಮಂಡಳಿಯವರು ಶಾಲೆಯ ಗುತ್ತಿಗೆ ಹಿಡಿಯಬಾರದು ಎಂಬ ನಿಯಮವಿತ್ತು. ಅದೇ ಆಗಸ್ಟಿನಲ್ಲಿ ಶಾಲೆಯ ಒಂದು ಭಾಗದ ಎ.ಸಿ. ಸತ್ತುಹೋಯಿತು. ಬೇರೆ ಕಂಪನಿಯ ಮೆಕ್ಯಾನಿಕ್ ಬಂದು ತಡಕಾಡುತ್ತಿದ್ದ. ಮಕ್ಕಳು ಕಾರಿಡಾರಿನಲ್ಲಿ ಬೆವರುತ್ತಾ ಕೂತಿದ್ದರು. ಅಂಕಲ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನ ಪಕ್ಕದಲ್ಲಿ ನಿಂತಿದ್ದರು, ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಇಲ್ಲದವರಂತೆ. “ಅಂಕಲ್, ಒಂದ್ಸಲ ನೀವೇ ನೋಡ್ಬಿಡಿ, ಯಾರು ಕೇಳ್ತಾರೆ?” ಎಂದೆ. “ನಾ ಮುಟ್ಟಂಗಿಲ್ಲ ತಂಗಿ. ಯಾರೂ ಕೇಳಂಗಿಲ್ಲ ಅಂತನ ಮುಟ್ಟಂಗಿಲ್ಲ” ಎಂದರು. ಆಮೇಲೆ ಅಂಗಡಿಗೆ ಹೋಗಿ ವ್ಯಾನ್ ತುಂಬ ಐಸ್ ಮತ್ತು ನೀರಿನ ಬಾಟಲಿ ತಂದು, ಒಂದೊಂದು ಮಗುವಿಗೂ ತಾವೇ ಹಂಚಿದರು. ನನಗೆ ಆವತ್ತು ಇದು ಅತಿಯಾಯಿತು ಅನ್ನಿಸಿತ್ತು.

ನನ್ನ ದಾರಿಯೇ ಬೇರೆ. ಡಲ್ಲಾಸಿನ ಕನ್ನಡದವರಲ್ಲಿ ನನಗೊಂದು ಖ್ಯಾತಿ ಇತ್ತು. ಯಾರ ಮನೆಯಲ್ಲಿ ಮಗನಿಗೋ ಮಗಳಿಗೋ ಸಂಬಂಧ ನೋಡಲು ಶುರು ಮಾಡಿದರೂ ಬಯೋಡೇಟಾ ಬರೆಯಲು ನನ್ನ ಹತ್ತಿರವೇ ಬರುತ್ತಿದ್ದರು. ನಾನು ಸುಳ್ಳು ಬರೆಯುತ್ತಿರಲಿಲ್ಲ, ಸತ್ಯಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಕೆಲಸ ಹೋದವನು ‘ಸ್ವಂತ ಉದ್ಯಮದ ಯೋಜನೆಯಲ್ಲಿ’ ಇರುತ್ತಿದ್ದ. ಅರ್ಧಕ್ಕೆ ಬಿಟ್ಟ ಓದನ್ನು ಮುಗಿದ ಓದಿನ ಸಾಲಿನಲ್ಲಿ ಕೂರಿಸಿಬಿಟ್ಟರೆ ಯಾರೂ ಎಣಿಸುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮವರೇ ಹೇಳಿಲ್ಲವೇ? ನಾನು ಒಂದೆರಡರಲ್ಲೇ ಮುಗಿಸುತ್ತಿದ್ದೆ, ಅದೇ ನನ್ನ ಹೆಮ್ಮೆ.

ಪರವಾನಗಿ ನವೀಕರಣದ ವರ್ಷ ಬಂತು. ಆ ಸಲ ನಮ್ಮ ಫಲಿತಾಂಶ ಚೆನ್ನಾಗಿರಲಿಲ್ಲ, ಎಲ್ಲರಿಗೂ ಭಯವಿತ್ತು. ಅರ್ಜಿಯ ಜೊತೆ ಏಳೂ ಸದಸ್ಯರ ಹಿನ್ನೆಲೆ ಬರೆದು, ಇದೆಲ್ಲ ಸತ್ಯ ಎಂದು ಸಹಿ ಮಾಡಿ ಕೊಡಬೇಕಿತ್ತು. ಅಂಕಲ್ ತಮ್ಮದನ್ನು ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸಿದರು. “ಶೈಲಾ, ಬರಕೋ. ಹುಬ್ಬಳ್ಳಿಯಾಂವ. ಬಿ.ಎಸ್ಸಿ. ಮೂರು ವರ್ಷ ಕಾಲೇಜಿಗೆ ಹೋಗೇನಿ, ಫಿಜಿಕ್ಸ್ ಹೋತು, ಡಿಗ್ರಿ ಇಲ್ಲ. ಎ.ಸಿ. ರಿಪೇರಿ ಮಾಡ್ತೀನಿ. ಇಷ್ಟ. ಇದ್ದದ್ದು ಇದ್ದಂಗ ಬರಿ.”

ನಾನು ಎರಡು ಸಲ ಕೇಳಿದೆ. ಉಳಿದ ಆರು ಜನರ ಪುಟ ಮೇಜಿನ ಮೇಲಿತ್ತು, ಡಿಗ್ರಿಗಳು ಬಾಲದ ಹಾಗೆ ಉದ್ದಕ್ಕೆ ಇದ್ದವು. ಇಷ್ಟು ದೊಡ್ಡ ಮನುಷ್ಯನನ್ನು ಒಂದು ಪೇಪರಿಗೋಸ್ಕರ ಇವರ ಮುಂದೆ ಚಿಕ್ಕವರನ್ನಾಗಿ ಮಾಡಬೇಕೇ? ಕೈಗೆ ಅಭ್ಯಾಸವಾಗಿತ್ತು, ಬರೆದುಬಿಟ್ಟಿತು: ಬಿ.ಎಸ್ಸಿ., ಧಾರವಾಡ. ಸಹಿ ಹಾಕಿಸಲು ಅವರ ಶೆಡ್ಡಿಗೆ ಹೋದೆ. ಮೆಷಿನ್ನಿನ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದದೆ ಸ್ಕ್ರೂ ಬಿಚ್ಚದ ಮನುಷ್ಯ ಪೆನ್ನು ತೆಗೆದುಕೊಂಡು ಸೀದಾ ಸಹಿ ಮಾಡಿದರು. “ಓದಿ ಅಂಕಲ್” ಎಂದು ನಾನು ಹೇಳಲಿಲ್ಲ. “ನೀ ಬರದೀ ಅಂದ ಮ್ಯಾಲೆ ಓದೂದೇನೈತಿ” ಎಂದು ಅವರೇ ಹೇಳಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಆಸ್ಟಿನ್ನಿಗೆ ಡೆನೀಸ್ ತಮ್ಮ ಕಾರಿನಲ್ಲಿ ಹೋದರು, ನಾನು ಅಂಕಲ್ ಇಬ್ಬರೇ ಅವರ ವ್ಯಾನಿನಲ್ಲಿ ಹೋದೆವು. ಮೂರೂವರೆ ಗಂಟೆಯ ದಾರಿ. ಆಂಟಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಾ, ಶಾಲೆಗೆ ಹೊಸ ಲ್ಯಾಬ್ ಹೇಗಿರಬೇಕು ಎಂದು ಅಂಕಲ್ ಹೇಳುತ್ತಾ ಬಂದರು. ಪರಿಶೀಲನೆಯ ಕೋಣೆಗೆ ಹೋದ ಕೂಡಲೇ ಕೈ ಎತ್ತಿ ಗಾಳಿ ನೋಡಿದರು. “ಇಲ್ಲೆ ಎಲ್ಲಾ ಬರೋಬ್ಬರಿ ಐತಿ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮೇಜಿನ ಆಚೆ ಶಿಕ್ಷಣ ಇಲಾಖೆಯ ಮೂವರು ಕೂತಿದ್ದರು. ಒಂದು ಗಂಟೆ ಅಂಕಿ, ಅಂಶ, ಹಾಜರಿ ಎಲ್ಲ ಕೇಳಿದರು. ಮುಗಿಯಿತು ಅಂದುಕೊಂಡಾಗ ಅವರಲ್ಲಿ ಕನ್ನಡಕದ ಹೆಂಗಸು ಒಂದು ಹಾಳೆ ತಿರುವಿ, “ಮಿಸ್ಟರ್ ಅಂಗಡಿ, ನಿಮ್ಮ ಪದವಿಯ ದಾಖಲೆ ನಮಗೆ ಸಿಗಲಿಲ್ಲ. ಸ್ವಲ್ಪ ವಿವರಿಸುತ್ತೀರಾ?” ಎಂದು ಕೇಳಿದರು. ಸಭ್ಯವಾಗಿಯೇ ಕೇಳಿದರು.

ಅಂಕಲ್ ತಮ್ಮ ಮುಂದಿದ್ದ ಪ್ರತಿ ತೆರೆದರು. ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡು, ತಮ್ಮ ಹೆಸರಿನ ಪುಟವನ್ನು ಮೊದಲ ಬಾರಿಗೆ ಓದಿದರು. ಬೆರಳನ್ನು ಸಾಲಿನ ಕೆಳಗೆ ಇಟ್ಟು ನಿಧಾನವಾಗಿ ಓದಿದರು. ಬೆರಳು ಒಂದು ಕಡೆ ನಿಂತಿತು. ನನ್ನ ಕಡೆ ತಿರುಗುತ್ತಾರೆ ಎಂದು ಕಾದೆ. ತಿರುಗಲಿಲ್ಲ.

ಎದ್ದು ನಿಂತರು. ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು ಹೇಳಿದರು. “ನನಗೆ ಪದವಿ ಇಲ್ಲ. ಫಿಜಿಕ್ಸಿನಲ್ಲಿ ನಪಾಸಾದೆ. ಈ ಹಾಳೆ ತಪ್ಪು. ಇದರ ಮೇಲಿರುವ ಸಹಿ ನನ್ನದು, ಓದದೆ ಸಹಿ ಮಾಡಿದ್ದು ನನ್ನ ತಪ್ಪು. ಮಕ್ಕಳದ್ದಲ್ಲ, ಶಾಲೆಯದ್ದಲ್ಲ. ನಾನು ಈಗಲೇ ಈ ಜಾಗ ಬಿಡುತ್ತಿದ್ದೇನೆ.”

ಆ ಹೆಂಗಸು, “ಹಾಗಾದರೆ ಬರೆದವರು ಯಾರು?” ಎಂದು ಕೇಳಿದರು. ಅಂಕಲ್, “ಸಹಿ ನನ್ನದು, ಮೇಡಂ” ಎಂದು ಇನ್ನೊಮ್ಮೆ ಅಂದರು. ನನ್ನ ಮುಂದೆ ಮೈಕ್ ಇತ್ತು. ಗುಂಡಿ ಒತ್ತಿದರೆ ದೀಪ ಹಸಿರಾಗುತ್ತದೆ. ಬೆರಳು ಗುಂಡಿಯ ಮೇಲೇ ಇತ್ತು. ಕಾರ್ಯದರ್ಶಿಯೇ ತಿದ್ದಿದಳು ಎಂದು ಗೊತ್ತಾದರೆ ಅರ್ಜಿಯ ಪ್ರತಿ ಪುಟದ ಮೇಲೂ ಅನುಮಾನ ಬರುತ್ತದೆ, ಶಾಲೆಯೇ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನನಗೆ ನನ್ನ ಹೆಸರಿನ ಚಿಂತೆ ಇತ್ತು, ಕಂಪನಿಯವರಿಗೆ ಗೊತ್ತಾದರೆ ಎಂಬ ಹೆದರಿಕೆ ಇತ್ತು. ಡೆನೀಸ್ ಇನ್ನೇನೋ ಮಾತು ಶುರು ಮಾಡಿದರು. ನಾನು ಬೆರಳು ತೆಗೆದೆ.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ವೇಕೋ ಊರು ದಾಟಿತು. ಆಮೇಲೆ ಅಂಕಲ್ಲೇ, “ಗಾಳಿ ಭಾಳ ಹತ್ತತೈತೇನು ನಿನಗ?” ಎಂದು ಕೇಳಿ ನನ್ನ ಕಡೆಯ ಕಿಂಡಿ ತಿರುಗಿಸಿದರು. ನನಗೆ ಅಳು ತಡೆಯಲಾಗಲಿಲ್ಲ. “ತಪ್ಪಾಯ್ತು ಅಂಕಲ್, ನಿಮ್ಮ ಮರ್ಯಾದೆಗೆ ಅಂತ ಬರೆದೆ” ಎಂದೆ.

“ನಾ ಮೂರು ಸಲ ಪರೀಕ್ಷೆಗೆ ಕೂತರೂ ಯುನಿವರ್ಸಿಟಿಯವ್ರು ಡಿಗ್ರಿ ಕೊಡಲಿಲ್ಲ. ನೀ ಕೇಳದನ ಕೊಟ್ಟಿ” ಎಂದು ನಕ್ಕರು. ನಗು ಬೇಗ ನಿಂತಿತು. “ನನಗ ಯಾಕ ಹೇಳ್ತಿ ಈಗ? ನನಗ ಗೊತ್ತ ಐತಲ್ಲ. ಅಲ್ಲೆ ಹೇಳೂದಿತ್ತು ತಂಗಿ.”

ಅಷ್ಟೇ. ಆಮೇಲೆ ಆ ವಿಷಯವನ್ನು ಅವರು ಎತ್ತಲೇ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪರವಾನಗಿ ಷರತ್ತಿನ ಮೇಲೆ ಸಿಕ್ಕಿತು, ಶಾಲೆ ಉಳಿಯಿತು. ಅಂಕಲ್ ಬಿಟ್ಟ ಜಾಗಕ್ಕೆ ಒಬ್ಬ ಪ್ರೊಫೆಸರ್ ಬಂದರು. ನಮ್ಮ ಕನ್ನಡದವರಲ್ಲಿ, ‘ಅಂಗಡಿಯವರು ಸುಳ್ಳು ಡಿಗ್ರಿ ತೋರಿಸಿ ಸಿಕ್ಕಿಬಿದ್ದರಂತೆ’ ಎಂದು ಸುದ್ದಿ ಹಬ್ಬಿತು. ಯುಗಾದಿಯ ಊಟದಲ್ಲಿ ಯಾರೋ ನನ್ನ ಪಕ್ಕದಲ್ಲೇ ಕೂತು ಹೇಳಿದರು. ನಾನು ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ನಾನು ಬಯೋಡೇಟಾ ಬರೆಯುವುದನ್ನು ಬಿಟ್ಟೆ. ಪ್ರಾಯಶ್ಚಿತ್ತ ಇಷ್ಟು ಸಾಕು ಎಂದುಕೊಂಡೆ. ಎಷ್ಟು ಅಗ್ಗದ ಪ್ರಾಯಶ್ಚಿತ್ತ!

ವರ್ಷದೊಳಗೆ ಅವರು ಶೆಡ್ಡು ಮಾರಿ ಹ್ಯೂಸ್ಟನ್ ಕಡೆ, ದ ವುಡ್‌ಲ್ಯಾಂಡ್ಸ್‌ನಲ್ಲಿದ್ದ ಮಗಳು ಸ್ಮಿತಾಳ ಮನೆಯ ಹತ್ತಿರ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. “ಫಿಲ್ಟರ್ ಬದಲಿ ಮಾಡೀಯಿಲ್ಲೋ?” ಎನ್ನುವುದೇ ಅವರ ಮೊದಲ ಪ್ರಶ್ನೆ. ಕಳೆದ ಮಾರ್ಚಿನಲ್ಲಿ ಸ್ಮಿತಾಳೇ ಫೋನ್ ಮಾಡಿದಳು. “ಆಂಟಿ, ಅಪ್ಪ ಈಸ್ ಗಾನ್” ಎಂದಳು. ಮಲಗಿದ್ದವರು ಏಳಲಿಲ್ಲವಂತೆ.

ಹ್ಯೂಸ್ಟನ್ನಿನ ಒಂದು ಸಭಾಂಗಣದಲ್ಲಿ ಶ್ರದ್ಧಾಂಜಲಿ ಇಟ್ಟಿದ್ದರು. ಡಲ್ಲಾಸಿನಿಂದಲೂ ಬಹಳ ಜನ ಬಂದಿದ್ದರು. ಪ್ರತಿ ಕುರ್ಚಿಯ ಮೇಲೂ ಅಂಕಲ್ ಫೋಟೋ ಇದ್ದ ಒಂದು ಕಾರ್ಡ್. ತೆಗೆದು ಓದಿದೆ: ಮಲ್ಲಿಕಾರ್ಜುನ ಅಂಗಡಿ, ಬಿ.ಎಸ್ಸಿ., ಧಾರವಾಡ. ಪಾಪ, ಮಗಳು ಅಮ್ಮನನ್ನು ಕೇಳದೆ, ನಾನು ಎಲ್ಲ ಸದಸ್ಯರಿಗೂ ಕಳಿಸಿದ್ದ ಹಳೆಯ ಅರ್ಜಿಯನ್ನು ಅಪ್ಪನ ಕಂಪ್ಯೂಟರಿನಲ್ಲಿ ನೋಡಿ ಎತ್ತಿಕೊಂಡಿರಬೇಕು. ಒಂದೊಂದು ಪದವೂ ನಾನು ಬರೆದದ್ದೇ. ಹಿಂದಿನ ಸಾಲಿನಲ್ಲಿ ಯಾರೋ ಕಾರ್ಡ್ ಓದಿ ಪಿಸುಗುಟ್ಟಿದರು, ಇನ್ನೊಬ್ಬರು ಮೂಗಿನಲ್ಲೇ ನಕ್ಕರು.

ಯಾರಾದರೂ ಮಾತಾಡುವವರಿದ್ದರೆ ಬನ್ನಿ ಎಂದು ಸ್ಮಿತಾ ಕರೆದಳು. ಸತ್ತವರ ಶ್ರದ್ಧಾಂಜಲಿಯಲ್ಲಿ, ಹೆಂಡತಿ ಮಗಳ ಎದುರಿಗೆ, ಅವರು ನಪಾಸಾಗಿದ್ದರು ಎಂದು ಹೇಳುವುದು ಹೇಗೆ? ಹೇಳದೆ ಮತ್ತೆ ಕೂರುವುದು ಹೇಗೆ? ಮೈಕ್ ಹತ್ತಿರ ಹೋದೆ.

“ಈ ಕಾರ್ಡಿನಲ್ಲಿ ಒಂದು ತಪ್ಪಿದೆ. ಅಂಕಲ್ ಬಿ.ಎಸ್ಸಿ. ಪಾಸಾಗಿರಲಿಲ್ಲ. ಇದ್ದದ್ದು ಇದ್ದ ಹಾಗೆ ಬರಿ ಅಂತ ನನಗೆ ಹೇಳಿದ್ದರು. ಡಿಗ್ರಿ ಇದೆ ಅಂತ ಬರೆದವಳು ನಾನು. ಅವರು ಓದದೆ ಸಹಿ ಮಾಡಿದ್ದು ನನ್ನನ್ನು ನಂಬಿ. ಆಸ್ಟಿನ್ನಿನಲ್ಲಿ ಅವರು ಎದ್ದು ನಿಂತು ತಪ್ಪು ಹೊತ್ತುಕೊಂಡಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವಳೂ ನಾನೇ.”

ಸ್ಮಿತಾ ನನ್ನನ್ನೂ ಕಾರ್ಡನ್ನೂ ನೋಡುತ್ತಾ ನಿಂತಿದ್ದಳು. ಮುಂದಿನ ಸಾಲಿನಲ್ಲಿ ನಿರ್ಮಲಾ ಆಂಟಿ ಮಂಡಿಯ ಮೇಲೆ ಕೈ ಊರಿ ಎದ್ದರು. ನನ್ನ ಹತ್ತಿರ ಬರಲಿಲ್ಲ. ಜನರ ಕಡೆ ತಿರುಗಿದರು.

“ನನ್ನ ನೋಡಾಕ ಬಂದಾಗೂ ಅವರ ಕಾಕಾ ‘ಹುಡುಗ ಬಿ.ಎಸ್ಸಿ.’ ಅಂದಿದ್ರು. ಇವರು ಎಲ್ಲಾರ ಮುಂದ ಎದ್ದು, ‘ಇಲ್ಲರಿ, ಫಿಜಿಕ್ಸ್ ಹೋಗೈತಿ’ ಅಂದ್ರು. ನಮ್ಮಪ್ಪ ಸಿಟ್ಟಿಗೆದ್ದು ಒಲ್ಲೆ ಅಂದ. ನಾ ಒಳಗಿಂದ ಬಂದು, ಲಗ್ನ ಆದ್ರ ಇವರನ್ನ ಆಗ್ತೀನಿ ಅಂದೆ.”

ಆಮೇಲೆ ನನ್ನ ಕಡೆ ನೋಡಿದರು. ಕಣ್ಣಿನಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

“ಕುಂದರು ತಂಗಿ. ಅವರಿದ್ದಾಗ ಹೇಳಬೇಕಿತ್ತು. ಈಗರ ಹೇಳಿದಿ.”