ಅವ್ವನಿಗೆ ನಾನು ಹೇಳಿದ ಸಿನಿಮಾ

ಕುತ್ತಿಗೆಯಿಂದಲೇ ಶುರು ಮಾಡುತ್ತೇನೆ. ಡಾಕ್ಟರು ತನ್ನ ಸ್ಟೆತೊಸ್ಕೋಪಿನ ರಬ್ಬರ್ ಕೊಳವೆಯನ್ನು ನರ್ಸಿನ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಹಿಂದಿನಿಂದ ಎಳೆಯುತ್ತಾನೆ. ಅವಳ ಬಿಳಿ ಟೋಪಿ ಕಳಚಿ ಬೀಳುತ್ತದೆ. ಒದ್ದಾಡುವಾಗ ಒಂದು ಬೂಟು ಹಾರಿ ಔಷಧಿ ಬೀರುವಿನ ಗಾಜನ್ನು ಒಡೆಯುತ್ತದೆ. ಅವಳು ಸತ್ತ ಮೇಲೆ ಅದೇ ಸ್ಟೆತೊಸ್ಕೋಪನ್ನು ಕಿವಿಗಿಟ್ಟುಕೊಂಡು ಅವಳ ಎದೆಯನ್ನು ಪರೀಕ್ಷಿಸುತ್ತಾನೆ, ಕೈಗಡಿಯಾರ ನೋಡುತ್ತಾನೆ.

ಕೈಗವಸು ಹಾಕಿದ್ದನೆ? ಮೊದಲು ಕರಿ ಕೈಗವಸು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಕಪ್ಪು ಬಿಳುಪಿನ ಹಾಲಿವುಡ್ ಸಿನಿಮಾದಲ್ಲಿ ಯಾವ ಬಣ್ಣದ ಕೈಗವಸೂ ಕರಿಯಾಗಿಯೇ ಕಾಣುತ್ತದೆ. ಸಿನಿಮಾದ ಹೆಸರೂ ಗೊತ್ತಿಲ್ಲ, ನಾವು ನೋಡಿದ್ದು ಅರ್ಧದಿಂದ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊಲೆಗಾರ ಡಾಕ್ಟರುಗಳು ಬೇಕಾದಷ್ಟು ಸಿಕ್ಕರು, ನಮ್ಮವನನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ. ಎರಡು ಮೂರು ಸಿನಿಮಾಗಳನ್ನು ನಾನೇ ಹೊಲಿದು ಒಂದು ಮಾಡಿರಲೂಬಹುದು. ಆದರೆ ಅವ್ವ ನನ್ನ ಪಕ್ಕದಲ್ಲಿ ಕೂತಿದ್ದಳು, ಅವಳ ಎಡಗಾಲು ದಿಂಬಿನ ಮೇಲಿತ್ತು. ಅದು ಹೊಲಿದದ್ದಲ್ಲ.

ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿರುವ ತಂಗಿಯ ಮನೆ, ಭಾನುವಾರದ ಮಧ್ಯಾಹ್ನ. ಹಿಂದಿನ ದಿನ ನನ್ನ ಊರು ಅಲೆನ್‌ನಿಂದ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾಲ್ಕೂವರೆ ತಾಸು ಡ್ರೈವ್ ಮಾಡಿದ್ದೆ. ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲಿನ ಮೂರು ಬೆರಳು ಕಪ್ಪಾಗಿದ್ದವು. ಕಿಟಕಿ ಇಳಿಸಿದರೂ ವಾಸನೆ ಹೋಗುತ್ತಿರಲಿಲ್ಲ. ಮಂಗಳವಾರ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸುವವರಿದ್ದರು. ಅವ್ವನಿಗೆ ಅದು ಗೊತ್ತಿರಲಿಲ್ಲ. ಗಾಯ ಕ್ಲೀನ್ ಮಾಡ್ತಾರೆ ಎಂದು ಹೇಳಿದ್ದೆ.

ಇದು ನನ್ನೊಬ್ಬಳ ತೀರ್ಮಾನವಲ್ಲ ಎಂದು ಬರೆಯಲು ಕೈ ಮುಂದೆ ಹೋಗುತ್ತದೆ. ನಾನು, ತಂಗಿ, ಆಸ್ಟಿನ್‌ನಲ್ಲಿರುವ ತಮ್ಮ, ಮೂವರೂ ಫೋನಿನಲ್ಲಿ ಮಾತಾಡಿಕೊಂಡಿದ್ದೆವು. "ಹೇಳಿದ್ರ ಆಕಿ ಒಪ್ಪಂಗಿಲ್ಲ, ಒಪ್ಪಲಿಲ್ಲಂದ್ರ ಜೀವಾನ ಹೋಗ್ತದ" ಎಂದಿದ್ದು ತಮ್ಮ. ಅಥವಾ ನಾನು. ತಮ್ಮ ನಾನೇ ಅನ್ನುತ್ತಾನೆ. ಹೇಗಿದ್ದರೂ ಹಿಂದಿನ ಸಲ ಆ ಆಸ್ಪತ್ರೆಗೆ ಬಂದಾಗ ಡಾಕ್ಟರ ಮುಂದೆ ಕೂತು ಅವ್ವನಿಗೆ ಕನ್ನಡದಲ್ಲಿ ಹೇಳಿದವಳು ನಾನು. ಅವಳು ಈ ದೇಶಕ್ಕೆ ಬಂದಾಗಿನಿಂದ ಅಂಗಡಿ, ಬ್ಯಾಂಕು, ಪಕ್ಕದ ಮನೆಯವರು, ಎಲ್ಲರ ಮಾತೂ ನನ್ನ ಬಾಯಿಂದಲೇ ಅವಳಿಗೆ ಹೋಗುತ್ತಿತ್ತು. ಎಲ್ಲದಕ್ಕೂ ನಾನು ಒಂದು ಚಿಟಿಕೆ ಉಪ್ಪು ಕಡಿಮೆ ಹಾಕುತ್ತಿದ್ದೆ.

ರಿಮೋಟು ಅವ್ವನ ಮಡಿಲಲ್ಲಿತ್ತು. ಕಪ್ಪು ಬಿಳುಪಿನ ಮುಖಗಳು ಕಂಡರೆ ಅವಳು ಚಾನೆಲ್ ಬದಲಿಸಲು ಬಿಡುತ್ತಿರಲಿಲ್ಲ.

"ಏನ್ ಮಾಡಾಕತ್ತಾನ ಅಂವ?"

"ಆಕಿಗೆ ಫಿಟ್ಸ್ ಬಂದದವ್ವಾ. ಹಿಡಕೊಂಡಾನ."

"ಫಿಟ್ಸ್ ಬಂದೋರ ಕುತಿಗಿ ಹಿಡೀತಾರೇನ?"

"ಇಲ್ಲೆ ಹಂಗ."

"ಹೂಂ. ಅದಕ್ಕ ಸತ್ಳು ಆಕಿ."

ಸಿನಿಮಾದಲ್ಲಿ ಮುಂದೆ ಅವನ ಹೆಂಡತಿಯ ಸರದಿ. ದಿನಾ ಸಂಜೆ ಅವಳ ತೋಳಿಗೆ ಸೂಜಿ ಚುಚ್ಚುತ್ತಾನೆ, ಶಕ್ತಿ ಬರುತ್ತದೆ ಎನ್ನುತ್ತಾನೆ. ಅವಳು ಬಾಡುತ್ತಾಳೆ. ಒಂದು ದಿನ ಮಂಚದಿಂದ ಬಿದ್ದು, ಮೊಣಕೈಯೂರಿ, ಹಜಾರದಲ್ಲಿರುವ ಟೆಲಿಫೋನಿನ ಕಡೆಗೆ ತೆವಳುತ್ತಾಳೆ. ಬಾಯಿಂದ ಕರಿಯ ದ್ರವ ಸುರಿದು ಕಾರ್ಪೆಟ್ಟಿನಲ್ಲಿ ಹರಡುತ್ತದೆ. ಅವಳ ಕೈ ಫೋನಿನ ತಂತಿಗೆ ತಗಲುವಷ್ಟರಲ್ಲಿ ಡಾಕ್ಟರು ಬಂದು ಅವಳ ಬೆರಳುಗಳ ಮೇಲೆ ಶೂ ಇಟ್ಟು ಒತ್ತುತ್ತಾನೆ. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ, ಅದನ್ನು ನಂಬುತ್ತೇನೆ.

"ಏನಂದ?"

"ರೆಸ್ಟ್ ತಗೋ ಅಂದ."

ಅವನು ನಿಜವಾಗಿಯೂ ಹಾಗೇ ಅಂದಿದ್ದ. ಆ ಮಧ್ಯಾಹ್ನ ನಾನು ಸರಿಯಾಗಿ ಹೇಳಿದ ಒಂದೇ ಮಾತು ಅದು.

ಅವ್ವ ಟಿವಿ ಆರಿಸಿದಳು. ಸಿನಿಮಾ ಮುಗಿದ ಮೇಲೆ ಆರಿಸಿದಳು ಎಂದೂ ಒಂದು ನೆನಪಿದೆ. ಅದರಲ್ಲಿ ಡಾಕ್ಟರು ಗಾಜಿನ ಬಾಗಿಲನ್ನು ಒಡೆದು ಓಡುವಾಗ ಅದರ ಚೂರಿಗೆ ಸಿಕ್ಕಿ ಗಂಟಲು ಕೊಯ್ದುಕೊಂಡು ಸಾಯುತ್ತಾನೆ. ಅವನು ಸಾಯಲಿ ಎಂದು ನಾನೇ ಆಮೇಲೆ ಸೇರಿಸಿಕೊಂಡಿದ್ದೇನೋ ಏನೋ. ಅವ್ವನ ಮಾತು ಮಾತ್ರ ಎರಡು ನೆನಪಿನಲ್ಲೂ ಒಂದೇ.

"ಅವತ್ತ ನನ್ನ ಡಾಕ್ಟರ ಹದಿನೈದು ನಿಮಿಷ ಮಾತಾಡಿದ. ನೀ ನನಗ ಹೇಳಿದ್ದು ಎರಡ ಮಾತು. ಉಳಿದದ್ದು ಎಲ್ಲಿ ಹೋತು?"

"ಅವರು ಮಾತು ಉದ್ದ ಮಾಡ್ತಾರವ್ವಾ."

ಅವಳು ದಿಂಬಿನ ಮೇಲಿದ್ದ ಕಾಲನ್ನು ನನ್ನಿಂದ ಆಚೆ ಸರಿಸಿಕೊಂಡಳು.

ಸೋಮವಾರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಆಸ್ಪತ್ರೆಗೆ ಕರೆಸಿದ್ದರು. ಕೋಣೆಯ ಗೋಡೆಯ ಮೇಲೆ ಇಪ್ಪತ್ತು ಮೂವತ್ತು ಭಾಷೆಗಳಲ್ಲಿ ಒಂದೇ ಮಾತು ಬರೆದ ಹಾಳೆಯಿತ್ತು. ಡಾಕ್ಟರು ನನ್ನ ಕಡೆ ತಿರುಗಿ ಬಾಯಿ ತೆರೆಯುವ ಮೊದಲೇ ಅವ್ವ ಗಾಲಿಕುರ್ಚಿಯಿಂದ ಕೈ ಚಾಚಿ ಕನ್ನಡದ ಸಾಲಿನ ಮೇಲೆ ಬೆರಳಿಟ್ಟಳು. ನಿಮ್ಮ ಭಾಷೆಯನ್ನು ತೋರಿಸಿ, ದುಭಾಷಿಯನ್ನು ಕರೆಸುತ್ತೇವೆ, ಎಂದಿತ್ತು. ಹಿಂದಿನ ಸಲ ನರ್ಸು ಅದನ್ನು ತೋರಿಸಿದಾಗ ನಾನಿದ್ದೇನಲ್ಲ ಎಂದು ನಾನೇ ಬೇಡವೆಂದಿದ್ದೆ.

ಸ್ಪೀಕರ್ ಫೋನಿನಲ್ಲಿ ಮೈಸೂರು ಕಡೆಯ ಹೆಂಗಸಿನ ದನಿ ಬಂತು. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿತು. "ನಿಮ್ಮ ಎಡಗಾಲನ್ನ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೀಬೇಕಾಗುತ್ತೆ ಅಂತಿದಾರೆ ಅಮ್ಮ. ಇದು ನಿಮಗೆ ಮೊದಲೇ ತಿಳಿದಿದೆ ಅಂತ ಅವರು ಅಂದ್ಕೊಂಡಿದಾರೆ."

"ಎಲುಬು ಯಾತರಿಂದ ಕೊಯ್ತಾರ್ರೀ?"

"ಗರಗಸದಿಂದ ಅಮ್ಮ."

"ಕೊಯ್ದ ಕಾಲ ಏನ್ ಮಾಡ್ತಾರ?"

ಆ ದನಿ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹಾಗೇ ಕೇಳಿ, ಉತ್ತರವನ್ನು ಹಾಗೇ ತಂದಿತು. "ಸುಡ್ತಾರಂತೆ."

ಆಗ ಅವ್ವ ಊರುಗೋಲಿನಿಂದ ನನ್ನ ಕಾಲಿಗೆ ಹೊಡೆದಳು. ಬಲವಾಗಿ ಎರಡು ಸಲ. ಡಾಕ್ಟರು ಸ್ಟೂಲಿನಿಂದ ಎದ್ದು ನಿಂತರು. ತಂಗಿ ಹೇಳುವ ಪ್ರಕಾರ ಊರುಗೋಲು ಆ ದಿನ ಕಾರಿನಲ್ಲೇ ಇತ್ತು, ಅವ್ವ ಹೊಡೆದದ್ದು ಕೈಯಿಂದ, ಅದೂ ಕೆನ್ನೆಗೆ. ನನ್ನ ಮೊಣಕಾಲಿನ ಕೆಳಗೆ ಒಂದು ವಾರ ನೀಲಿಗಟ್ಟಿತ್ತು. ಕಾರಿನ ಬಾಗಿಲು ಬಡಿದದ್ದೂ ಇರಬಹುದು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪನ್ನು ನಾನು ನಂಬುವುದಿಲ್ಲ. ಆದರೆ ಹೊಡೆದಳು.

"ನಿದ್ದಿ ಮಾಡಿಸಿ ಕಾಲ ಕೊಯ್ಯಾವರಿದ್ರಿ," ಎಂದಳು. "ನಾ ಎದ್ದು ನೋಡಬೇಕಿತ್ತು."

ಫೋನಿನ ಹೆಂಗಸು ಅದನ್ನೂ ಇಂಗ್ಲಿಷಿಗೆ ಹೇಳಿಬಿಟ್ಟಳು. ಡಾಕ್ಟರು ನನ್ನನ್ನು ನೋಡಿದರು. ಆ ಕೋಣೆಯಲ್ಲಿ ನನ್ನ ಪರವಾಗಿ ಮಾತಾಡಲು ಯಾವ ಭಾಷೆಯೂ ಉಳಿದಿರಲಿಲ್ಲ.

ಅವ್ವ ಒಪ್ಪಿದಳು. ಒಂದೇ ಒಂದು ಹಟ ಹಿಡಿದಳು. "ನಾಳಿ ಬ್ಯಾಡ, ನಾಡಿದ್ದ ಮಾಡ್ರಿ. ನಾಳಿ ಒಂದ ದಿನ ನನ್ನ ಕಾಲ ನನಗಿರಲಿ." ಡಾಕ್ಟರು ಜ್ವರದ ಚೀಟಿ ನೋಡಿ, ಯೋಚಿಸಿ, ಹೂಂ ಅಂದರು. ಸಹಿ ಕನ್ನಡದಲ್ಲಿ ಹಾಕಿದಳು, ನಿಧಾನವಾಗಿ.

ಮಂಗಳವಾರ ಬೆಳಿಗ್ಗೆ ಹಿತ್ತಲಿನ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡಳು. ಬಟ್ಟೆಯ ಪಟ್ಟಿಯನ್ನು ತಾನೇ ಬಿಚ್ಚಿದಳು. ತಂಗಿ ವಾಸನೆ ತಡೆಯಲಾರದೆ ಒಳಗೆ ಹೋದಳು. ಅವ್ವ ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು, ಯಾವುದೋ ಸಾಮಾನು ಒಡೆದಿದೆಯೋ ಎಂದು ನೋಡುವ ಹಾಗೆ. ಹಿಂದಿನ ದಿನದಿಂದ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ.

"ನೀರ ಕಾಸಿ ತಾ. ತೊಳೀತೀನಿ."

ಬಕೆಟ್ಟಿನಲ್ಲಿ ತಂದೆ. ಅವಳು ಚೊಂಬು ತುಂಬಿ ಕಾಲಿನ ಮೇಲೆ ಹಿಡಿದು, ಹಾಗೇ ನಿಲ್ಲಿಸಿದಳು. ಆ ಕಾಲಿಗೆ ಬಿಸಿ ತಣ್ಣಗಿನ ಸ್ಪರ್ಶ ಹೋಗಿ ವರ್ಷವಾಗಿತ್ತು. ಮುಟ್ಟಿ ನೋಡೋಣವೆಂದರೆ ಅವಳ ಬೆರಳ ತುದಿಗಳೂ ಹಾಗೇ ಮರಗಟ್ಟಿದ್ದವು.

"ಸುಡತದೇನ ನೋಡು," ಎಂದಳು. ನನ್ನ ಮುಖ ನೋಡಲಿಲ್ಲ. "ಖರೇ ಹೇಳು."

ಬಕೆಟ್ಟಿನಲ್ಲಿ ಕೈ ಮುಳುಗಿಸಿದೆ.

"ಸುಡತದವ್ವಾ," ಅಂದೆ.

ಅವಳು ಚೊಂಬನ್ನು ಹುಲ್ಲಿನ ಮೇಲೆ ಚೆಲ್ಲಿ, ನಾನು ತಣ್ಣೀರು ತರಲೆಂದು ಕಾದಳು.