ಏಳು ತಿಂಗಳಿಗೆ ಹುಟ್ಟಿದ ಮೊಮ್ಮಗಳು

ಆತಗೂರು ಹೋಬಳಿಯ ಒಂದು ಹಳ್ಳಿಶಾಲೆಯಲ್ಲಿ ಪಟ್ಟಲಮ್ಮ ಹದಿನೇಳು ವರ್ಷ ಬಿಸಿಯೂಟ ಬೇಯಿಸಿದರು. ಮಾತು ಒರಟು. ಸಾರು ಚೆಲ್ಲಿದ ಮಕ್ಕಳಿಗೆ ಬೈದು, ಬೈದ ಮೇಲೆ ಇನ್ನೊಂದು ಸೌಟು ಬಡಿಸುತ್ತಿದ್ದರು.

ಎಂಟು ವರ್ಷದ ಹಿಂದೆ ಅವರ ಸೊಸೆ ಶಶಿರೇಖಾಳಿಗೆ ಏಳನೇ ತಿಂಗಳಲ್ಲೇ ಬಿ.ಪಿ. ಏರಿ ಫಿಟ್ಸ್ ಬಂತು. ಮಗ ಸಿದ್ದರಾಜು ಅವಳನ್ನು ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕರೆದೊಯ್ದ. ಆಪರೇಷನ್ ಮಾಡಿ ತೆಗೆದ ಹೆಣ್ಣುಕೂಸು ಒಂದೂಕಾಲು ಕೆ.ಜಿ. ಕೂಡ ಇರಲಿಲ್ಲ. ತಾಯಿ ಐಸಿಯುನಲ್ಲಿ, ಮಗು ಗಾಜಿನ ಪೆಟ್ಟಿಗೆಯಲ್ಲಿ. ಹತ್ತು ದಿನ ಕಳೆದ ಮೇಲೆ ನರ್ಸ್ ಬಂದು, ಯಾರಾದರೂ ಮಗುವನ್ನು ಬರಿ ಎದೆಗೆ ಅವುಚಿಕೊಂಡು ಕೂರಬೇಕು, ಮೈಯ ಬಿಸಿಗೆ ಬೇಗ ಚೇತರಿಸಿಕೊಳ್ಳುತ್ತದೆ ಎಂದಳು. ಶಶಿರೇಖಾಳಿಗೆ ಇನ್ನೂ ಜ್ವರ ಬಿಟ್ಟಿರಲಿಲ್ಲ.

“ನಾನು ಮುದುಕಿ ಕಣವ್ವ. ನನ್ ಮೈ ಆದದಾ?” ಎಂದರು ಪಟ್ಟಲಮ್ಮ.

“ಬೆಚ್ಚಗಿದ್ರೆ ಸಾಕಮ್ಮ.”

ಪಟ್ಟಲಮ್ಮ ಹತ್ತೊಂಬತ್ತು ದಿನ ಹಾಗೆ ಕೂತರು. ಜೋಗುಳ ಬರುತ್ತಿರಲಿಲ್ಲ. ಯಾವ ಹುಡುಗ ಹುರುಳಿಕಾಯಿ ಆರಿಸಿ ಹೊರಗಿಡುತ್ತಾನೆ, ಯಾವಳು ಎರಡು ಸಲ ಪಾಯಸ ಕೇಳುತ್ತಾಳೆ ಎಂದು ಶಾಲೆಯ ಸುದ್ದಿಯನ್ನೇ ಕೂಸಿನ ಕಿವಿಯಲ್ಲಿ ಹೇಳಿದರು.

ಶೋಭಿತಾ ಎಂದು ಹೆಸರಿಟ್ಟರು. ಸಣ್ಣಗೇ ಬೆಳೆದಳು, ಓದಿನಲ್ಲಿ ಚುರುಕಾದಳು, ಆದರೆ ಅಜ್ಜಿಯ ಸೆರಗು ಬಿಡಲಿಲ್ಲ. ಶಾಲೆಯಲ್ಲಿ ಒಂದೊಂದು ಬೆಲ್ಲಿಗೂ ಅಡುಗೆಮನೆ ಬಾಗಿಲಿಗೆ ಬಂದು, ಅಜ್ಜಿಯನ್ನು ನೋಡಿ, ಏನೂ ಹೇಳದೆ ವಾಪಸು ಹೋಗುತ್ತಿದ್ದಳು. ಸೋಮನಹಳ್ಳಿಯ ಗಾರ್ಮೆಂಟ್ಸಿನಿಂದ ಸಂಜೆ ಬಂದ ಶಶಿರೇಖಾ ತಲೆ ಬಾಚಲು ಕರೆದರೆ, “ಅಜ್ಜಿ ಬಾಚ್ತದೆ” ಎನ್ನುವಳು.

“ಇವಳು ನಿಮ್ ಮಗಳೇ ಬುಡಿ ಅತ್ತೆ” ಎಂದಳು ಒಮ್ಮೆ ಶಶಿರೇಖಾ. ನಗುತ್ತಲೇ ಅಂದಳು. ಆ ನಗು ಪಟ್ಟಲಮ್ಮನಿಗೆ ಹಿಡಿಸಲಿಲ್ಲ.

ಈ ವರ್ಷ ಪಟ್ಟಲಮ್ಮನಿಗೆ ಅರವತ್ತು ತುಂಬಿತು, ಕೆಲಸ ಬಿಡಬೇಕಾಯಿತು. ಜೂನಿನಲ್ಲಿ ಮೂರನೇ ಕ್ಲಾಸಿಗೆ ಹೋದ ಶೋಭಿತಾ ಮೊದಲ ಬೆಲ್ಲಿಗೇ ಅಡುಗೆಮನೆಗೆ ಓಡಿದಳು. ಅಲ್ಲಿ ಹೊಸ ಅಡುಗೆಯವರು ಮಲ್ಲಿಗಮ್ಮ ಇದ್ದರು. ಶೋಭಿತಾ ಊಟ ಮುಟ್ಟಲಿಲ್ಲ. ನಾಲ್ಕನೇ ದಿನ ಬ್ಯಾಗು ಹಾಕಿಕೊಂಡು ಮನೆಗೇ ಬಂದುಬಿಟ್ಟಳು. ಹಿಂದೆಯೇ ಬಂದ ದೀಪಿಕ ಮಿಸ್, “ಸ್ವಲ್ಪ ದಿನ ನೀವೇ ಬಂದು ಸ್ಕೂಲ್ ಜಗಲಿ ಮೇಲೆ ಕೂತ್ಕೊಳ್ಳಿ ಪಟ್ಟಲಮ್ಮ” ಎಂದರು.

“ಬ್ಯಾಡಿ ಮಿಸ್ಸು. ನಾನಿರೋಗಂಟ ನನ್ನೇ ಸುತ್ತತಾಳೆ. ಇವಳವ್ವ ಎಲ್ಲಿಗೋಗ್ಬೇಕು?”

ಸಂಜೆ ಸೊಸೆಗೆ ಹೇಳಿದರು: “ಹತ್ತು ದಿನ ರಜ ಆಕು ಸಸಿ. ನಾನು ಹನಕೆರೆಗೆ, ತಂಗಿ ಮನೆಗೆ ಓಯ್ತೀನಿ.”

“ಅವಳು ಅಳ್ತಾಳೆ ಅತ್ತೆ.”

“ಅಳ್ಲಿ. ನಿನ್ ಮುಂದೆ ಅಳ್ಲಿ.”

ಕದ್ದು ಹೋಗಲಿಲ್ಲ. ಹತ್ತು ದಿನಕ್ಕೆ ಬರುತ್ತೇನೆಂದು ಮೊಮ್ಮಗಳಿಗೆ ಹೇಳಿಯೇ ಬಸ್ಸು ಹತ್ತಿದರು.

ಎರಡು ದಿನ ಶೋಭಿತಾ ಮಾತಾಡಲಿಲ್ಲ. ಮೂರನೇ ದಿನ ಸ್ನಾನ ಮಾಡಿಸುವಾಗ ತಾಯಿಯನ್ನು ಕೇಳಿದಳು: “ನಾನ್ ಹುಟ್ಟಿದಾಗ ನೀನೆಲ್ಲಿದ್ದೆ?”

ಶಶಿರೇಖಾ ಚೊಂಬು ಕೆಳಗಿಟ್ಟಳು. “ಅದೇ ಆಸ್ಪತ್ರೇಲಿ ಇದ್ದೆ ಕಣೆ. ಗ್ಯಾನ ಇರ್ಲಿಲ್ಲ. ಗ್ಯಾನ ಬಂದ ಮ್ಯಾಲೆ ಆಸ್ಪತ್ರೆ ಆಯಾನ ಕೈ ಹಿಡ್ಕಂಡು, ನನ್ ಕೂಸೆಲ್ಲಿ ಅಂತ ಕೇಳ್ದೆ. ಗಾಲಿ ಕುರ್ಚೀಲಿ ಕೂರ್ಸ್ಕಂಡೋಗಿ ಕಿಟಕಿಯಿಂದ ನಿನ್ನ ತೋರ್ಸಿದ್ರು. ನಾನು ಕೈ ಆಡಿಸ್ದೆ. ನೀನು ಆಕಳಿಸ್ದೆ.”

“ಅಜ್ಜಿ ಇದ ಹೇಳೇ ಇಲ್ಲ.”

“ಅಜ್ಜಿ ಅವಾಗ ಊಟಕ್ಕೋಗಿತ್ತು. ನಾನೂ ಯಾರ್ಗೂ ಹೇಳಿಲ್ಲ.”

“ಇನ್ನೊಂದ್ ಸಲ ಹೇಳು.”

ಹಂಡೆಯ ನೀರು ಆರುವವರೆಗೂ ಹೇಳಿದಳು. ಮಾರನೆಯ ದಿನ ಮಗಳ ಜೊತೆ ಶಾಲೆಗೆ ಹೋಗಿ ಊಟದ ಬೆಲ್ಲಿನ ತನಕ ಹೊಂಗೆಮರದಡಿ ಕೂತಳು. ಅದರ ಮರುದಿನ ಮೊದಲ ಬೆಲ್ಲಿನ ತನಕ. ಆಮೇಲೆ ಗೇಟಿನವರೆಗೆ ಸಾಕಾಯಿತು. ಮಲ್ಲಿಗಮ್ಮನ ಸಾರಿನಲ್ಲಿ ಉಪ್ಪು ಕಮ್ಮಿ ಎಂದು ಶೋಭಿತಾ ಮನೆಯಲ್ಲಿ ವರದಿ ಕೊಟ್ಟಳು. ಅಂದರೆ ತಿಂದಿದ್ದಳು.

ಒಂಬತ್ತನೇ ದಿನ, ಶನಿವಾರ, ಹನಕೆರೆಯಲ್ಲಿ ತಂಗಿ ಅಂಕಮ್ಮನ ಜೊತೆ ಸೊಪ್ಪು ಬಿಡಿಸುತ್ತಿದ್ದ ಪಟ್ಟಲಮ್ಮನಿಗೆ ಫೋನು ಬಂತು.

“ಅಜ್ಜಿ, ನಾಳೆ ಬರ್ಬ್ಯಾಡ, ನಾಡಿದ್ದು ಬಾ. ನಾಳೆ ನಾನೂ ಅಮ್ಮನೂ ಮದ್ದೂರಿಗೆ ಓಯ್ತೀವಿ, ಶೂ ತರಕ್ಕೆ.”

ಫೋನಿಟ್ಟು ಪಟ್ಟಲಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಒಳಗೆ ಚುಳ್ಳೆಂದದ್ದು ಸುಳ್ಳಲ್ಲ. ಆಮೇಲೆ ನಗು ಬಂತು.

“ಏನಂತಕ್ಕ?” ಎಂದಳು ಅಂಕಮ್ಮ.

“ಬರ್ಬ್ಯಾಡ ಅಂತಾಳೆ ಕಣಮ್ಮಿ. ಇನ್ನೊಂದ್ ದಿನ ನಿನ್ ಮನೇಲೇ ಮುದ್ದೆ. ರಾಗಿ ಇಟ್ಟು ಅದಾ?”