ದೇವರಿಗೆ ನೆಗಡಿ

ಗೋಡೆಗೆ ಸುಣ್ಣ ಬಳಿಯುವ ಮುನ್ನ ಹಳೆಯ ಮೊಳೆಯನ್ನು ಕೀಳಬೇಕೋ ಬೇಡವೋ ಎಂಬ ಗಹನ ಪ್ರಶ್ನೆಯನ್ನು ನಮ್ಮ ಯಾವ ಶಾಸ್ತ್ರವೂ ವಿಚಾರಿಸಿದಂತಿಲ್ಲ. ಭಾಲ್ಕಿಯ ನಮ್ಮ ಮನೆಗೆ ಸುಣ್ಣ ಬಳಿಯಲು ಬಂದ ಶಿವರಾಜ, ದೇವರ ಕೋಣೆಯ ಬಾಗಿಲ ಪಕ್ಕದ ಗೋಡೆ ತೋರಿಸಿ "ಈ ಮೊಳಿ ಕೀಳ್ಲೇನ್ರಿ ಸರ?" ಎಂದಾಗ, ಮೊಳೆ ಹೊಡೆಯಹೋಗಿ ಸದಾ ಹೆಬ್ಬೆರಳನ್ನೇ ಹೊಡೆದುಕೊಳ್ಳುವ ನಾನು ತಜ್ಞನ ಗಾಂಭೀರ್ಯದಿಂದ "ತಡಿ" ಎಂದೆ. ಆ ಮೊಳೆಯ ಪಟ ನನ್ನ ತೊಡೆಯ ಮೇಲಿತ್ತು. ಪಟದಲ್ಲಿ ಫ್ರಾನ್ಸ್ ದೇಶದ ಕ್ಯಾಥೊಲಿಕ್ ಸಂತಳೊಬ್ಬಳು. ಅವಳ ಹಣೆಯ ಮೇಲೆ ಮೂರೆಳೆ ವಿಭೂತಿ!

ಈಕೆಯ ಚರಿತ್ರೆ ನನ್ನಂಥ ಸೋಮಾರಿಗಳಿಗೆ ಬಲು ಪ್ರಿಯವಾದುದು. ಹದಿನೈದಕ್ಕೇ ಮಠ ಸೇರಿದವಳು ಕಸ ಗುಡಿಸುವುದು, ಸಿಡುಕುವವರನ್ನು ಸಹಿಸುವುದು ಮೊದಲಾದ ಸಣ್ಣಪುಟ್ಟ ಕೆಲಸಗಳನ್ನೇ ಪ್ರೀತಿಯಿಂದ ಮಾಡುತ್ತ, ಇಪ್ಪತ್ತನಾಲ್ಕಕ್ಕೇ ಕ್ಷಯದಿಂದ ತೀರಿಕೊಂಡಳು. ಮಠದ ಹೊಸ್ತಿಲು ದಾಟದ ಆಕೆಯನ್ನೇ ಮುಂದೆ ದೇಶಾಂತರ ಅಲೆಯುವ ಧರ್ಮಪ್ರಚಾರಕರಿಗೆಲ್ಲ ಪಾಲಕಿಯನ್ನಾಗಿ ಮಾಡಿದರು. ನಾನೂ ಮನೆ ಬಿಟ್ಟು ಕದಲುವವನಲ್ಲ. ನನಗೆ ಮಾತ್ರ ಯಾರೂ ಏನನ್ನೂ ವಹಿಸಿಲ್ಲ.

ಹೆರಿಗೆಗೆಂದು ಹೈದರಾಬಾದಿನ ಆಸ್ಪತ್ರೆಗೆ ಹೋಗಿದ್ದ ನನ್ನಜ್ಜಿ ಗುರಮ್ಮನಿಗೆ ಅಲ್ಲಿಯ ಕ್ರೈಸ್ತ ಸನ್ಯಾಸಿನಿ ಈ ಪಟ ಕೊಟ್ಟಿದ್ದಳಂತೆ. ತಲೆಯ ಮೇಲೆ ಸೆರಗು, ಎದೆಗೊತ್ತಿ ಹಿಡಿದ ಗುಲಾಬಿಯ ರಾಶಿ. ಅಂಗೈಯ ಇಷ್ಟಲಿಂಗಕ್ಕೆ ದಿನವೂ ಹೂವೇರಿಸುವ ಅಜ್ಜಿಗೆ ಸಂಶಯವೇ ಉಳಿಯಲಿಲ್ಲ: ಇಷ್ಟು ಹೂವಿದ್ದ ಮೇಲೆ ಅಡಿಯಲ್ಲಿ ಲಿಂಗವಿರಲೇಬೇಕು, ಇವಳು ಯಾವುದೋ ದೂರದೂರಿನ ಶರಣೆ. ಅಂದಿನಿಂದ ಸಂತಳಿಗೆ ವಿಭೂತಿಯೂ ತಪ್ಪಲಿಲ್ಲ, ಸೋಮವಾರದ ಊದಿನಕಡ್ಡಿಯೂ ತಪ್ಪಲಿಲ್ಲ.

ಅಷ್ಟರಲ್ಲಿ ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆ ಬಂತು. ರಜಾಕಾರರ ಹಾವಳಿ ಮುಗಿಯಿತೆನ್ನುವಾಗ ಅದರ ಸೇಡು ಶುರುವಾಗಿ, ಯಾರ ಗೋಜಿಗೂ ಹೋಗದ ಬಡಪಾಯಿ ಮುಸ್ಲಿಮರ ತಲೆಗೂ ಸುತ್ತಿಕೊಂಡಿತು. ಅಜ್ಜ ಔರಾದಿನ ಕಡೆ ಡಾಬಕಾದ ಬೀಗರ ಮನೆಯಲ್ಲಿ ಸಿಕ್ಕಿಕೊಂಡಿದ್ದರು. ಪಕ್ಕದ ಮನೆಯ ಜುಬೇದಾ ಬೀ "ಅಕ್ಕಾ" ಎಂದು ಓಡಿಬಂದಾಗ ಅಜ್ಜಿ ಅವಳನ್ನು ದೇವರ ಕೋಣೆಗೆ ನೂಕಿ ಪರದೆ ಎಳೆದಳು. ಹಿಂದೆಯೇ ಬಡಿಗೆ ಹಿಡಿದ ಗುಂಪು ಅಂಗಳಕ್ಕೆ ಬಂತು; ಮನೆ ಶೋಧಿಸಲು ಒಬ್ಬ ಸೈನಿಕ ಒಳಗೆ ಬಂದ. ಪರದೆಗೆ ಕೈ ಹಾಕಬೇಕೆಂದಾಗ ಪಟ ಕಣ್ಣಿಗೆ ಬಿತ್ತು. ಆತ ಮಂಗಳೂರು ಕಡೆಯ ಕ್ರೈಸ್ತ. ಟೊಪ್ಪಿಗೆ ತೆಗೆದು ಮೊಣಕಾಲೂರಿಬಿಟ್ಟ.

"ಇವರು ನಮ್ಮ ಸಂತರಲ್ವಾ ಅಮ್ಮ?"

"ನಿಮ್ಮಾಕಿ ಆಗಿದ್ರ ನಿಮ್ಮೂರಾಗ ಇರ್ತಿದ್ಳು. ನಮ್ಮ ಮನ್ಯಾಗ ಯಾಕ ಇರ್ತಾಳ್ರಿ? ಹೂವಿನ ಬುಡಕ್ಕ ಲಿಂಗ ಅದ ನೋಡ್ರಿ."

"ಅಲ್ಲಮ್ಮ, ಅದು ಶಿಲುಬೆ."

ಹೊರಗೆ ಬಡಿಗೆಗಳು ಕಾಯುತ್ತಿರಲು ಒಳಗೆ ಧರ್ಮಜಿಜ್ಞಾಸೆ ನಡೆದಿತ್ತು. ಆಗ ಪರದೆಯ ಹಿಂದಿನಿಂದ ಒಂದು ಸೀನು ಕೇಳಿಸಿತು. ಊದಿನಕಡ್ಡಿಯ ಹೊಗೆ ಜುಬೇದಾಳ ಮೂಗಿಗೆ ಹೊಕ್ಕಿತ್ತು.

"ಒಳಗೆ ಯಾರು?"

"ದೇವರ್ರೀ," ಎಂದಳು ಅಜ್ಜಿ.

ಸೈನಿಕ ಪಟವನ್ನು ನೋಡಿದ, ಪರದೆಯನ್ನು ನೋಡಿದ, ಎದ್ದು ಟೊಪ್ಪಿಗೆ ಹಾಕಿಕೊಂಡ. "ನಿಮ್ಮ ದೇವರಿಗೆ ನೆಗಡಿಯಾಗಿದೆ ಅಮ್ಮ, ಕಷಾಯ ಕೊಡಿ," ಎಂದವನೇ ಹೊರಗೆ ಹೋಗಿ, ಒಳಗೆ ದೇವರ ಹೊರತು ಯಾರೂ ಇಲ್ಲವೆಂದು ಗದರಿ ಗುಂಪನ್ನು ಚದುರಿಸಿದ. ಅಜ್ಜಿ ನಿಜವಾಗಿಯೂ ಕಷಾಯ ಕಾಯಿಸಿದಳು. ಜುಬೇದಾ ಬೀ ಬದುಕಿರುವವರೆಗೆ ಪ್ರತಿ ಈದಿಗೂ ಆ ಪಟಕ್ಕೆ ಗುಲಾಬಿ ತಂದಳು. ಸತ್ತ ಮೇಲೆ ಗುಲಾಬಿಯ ಮಳೆ ಸುರಿಸುವೆನೆಂದಿದ್ದಳಂತೆ ಆ ಸಂತಳು. ನಮ್ಮಲ್ಲಿ ಮಳೆ ತಿರುಗಾಮುರುಗಾ ಸುರಿಯಿತು.

ಕಾಲೇಜಿಗೆ ಹೋಗಿ ನಾಲ್ಕಕ್ಷರ ಕಲಿತ ಮದದಲ್ಲಿ ನಾನೊಮ್ಮೆ ಅಜ್ಜಿಗೆ ಹೂವಿನ ಕೆಳಗಿರುವುದು ಶಿಲುಬೆಯೇ ಎಂದು ಸಾಧಿಸಹೋದೆ. ಅವಳು ತಲೆಯೆತ್ತದೆ ಹೇಳಿದಳು: "ಇರ್ಲಿ ಬಿಡೋ. ಅವತ್ತ ಆಕಿ ಹಿಂದ ಜುಬೇದಾ ಇದ್ಳು. ಅಷ್ಟ ನನಗ ಗೊತ್ತು."

"ಮೊಳಿ ಏನ್ ಮಾಡ್ಲಿರಿ ಸರ?" ಶಿವರಾಜ ಮತ್ತೆ ಕೇಳಿದ.

"ಇರಲಿ, ಸುತ್ತ ಬಳಿ," ಎಂದೆ. ಅವನು ಪರದೆ ಸರಿಸಿ ದೇವರ ಕೋಣೆಯ ಗೋಡೆ ಕೆರೆಯಲು ಒಳಗೆ ಹೋದ. ಧೂಳೆದ್ದಿತು, ಪರದೆಯ ಹಿಂದಿನಿಂದ ಜೋರಾಗಿ ಒಂದು ಸೀನು ಬಂತು. ನಾನು ಅಡುಗೆಮನೆಗೆ ಹೋಗಿ ಕಷಾಯಕ್ಕಿಟ್ಟೆ.